ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಲ್ಲಿ ನೋಡಬೇಕಾದದ್ದು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಡಿಸೆಂಬರ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಹೋಗುತ್ತಿದ್ದೇವೆ. ಮಾರ್ಚ್‌ವರೆಗೆ ಅಲ್ಲಿರುತ್ತೇವೆ. ಎಳೆ ಮಗುವನ್ನು ಬಿಟ್ಟು ಯೊಸೆಮಿಟಿಯಂಥ ದೂರದ ಜಾಗಕ್ಕೆ ಹೋಗಲಾಗದು. ಹತ್ತಿರದಲ್ಲೇ ಸ್ಟೇಟ್ ಪಾರ್ಕ್‌ಗಳಿವೆ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬಹುದು ಎಂದು ಅಳಿಯಂದಿರು ಹೇಳುತ್ತಾರೆ. ಅವು ಉದ್ಯಾನಗಳೋ, ಕಾಡುಗಳೋ? ಅಲ್ಲಿ ಪ್ರಾಣಿಗಳನ್ನು ಕಾಣಬಹುದೇ? ನನಗೆ ಮಂಡಿನೋವು ಇದೆ ಎಂಬುದನ್ನೂ ತಿಳಿಸುತ್ತೇನೆ.
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಹೂವಿನ ಮಡಿ, ಮಕ್ಕಳ ಜಾರುಬಂಡೆ ಇರುವ ಪಾರ್ಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ನ್ಯಾಷನಲ್ ಪಾರ್ಕ್‌ಗಳನ್ನು ಫೆಡರಲ್ ಸರ್ಕಾರ ನಡೆಸಿದರೆ, ಸ್ಟೇಟ್ ಪಾರ್ಕ್‌ಗಳು ಆಯಾ ರಾಜ್ಯ ಸರ್ಕಾರದ ಆಡಳಿತಕ್ಕೆ ಸೇರಿವೆ. ನಮ್ಮಲ್ಲಿ ಬಂಡೀಪುರ, ನಾಗರಹೊಳೆಗಳು ರಾಷ್ಟ್ರೀಯ ಉದ್ಯಾನಗಳಾದರೂ ಅವುಗಳನ್ನು ನೋಡಿಕೊಳ್ಳುವುದು ರಾಜ್ಯದ ಅರಣ್ಯ ಇಲಾಖೆಯೇ ಆದ್ದರಿಂದ ಈ ವ್ಯತ್ಯಾಸ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್ ವ್ಯವಸ್ಥೆಯಲ್ಲಿ ಕಾಡು, ಕಡಲತೀರ, ಮರುಭೂಮಿ, ಐತಿಹಾಸಿಕ ಸ್ಥಳ ಎಲ್ಲ ಸೇರಿ ಸುಮಾರು 280 ತಾಣಗಳಿವೆ.

ನೀವು ಹೋಗುತ್ತಿರುವ ತಿಂಗಳುಗಳನ್ನು ನೋಡಿದರೆ ಮೊದಲು ಹೇಳಬೇಕಾದ ಹೆಸರು ಆನ್ಯೊ ನ್ವೆವೊ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ದೂರದ ಈ ಕಡಲತೀರಕ್ಕೆ ಪ್ರತಿ ಚಳಿಗಾಲದಲ್ಲಿ ಎಲಿಫೆಂಟ್ ಸೀಲ್ ಎಂಬ ಭಾರಿ ಗಾತ್ರದ ಕಡಲ ಸಸ್ತನಿಗಳು ಮರಿ ಹಾಕಲು ಬರುತ್ತವೆ. ಗಂಡು ಎರಡು ಟನ್ನಿಗೂ ಮೀರಿ ತೂಗುತ್ತದೆ. ಅದರ ಮೂತಿ ಮೋಟು ಸೊಂಡಿಲಿನಂತೆ ಜೋಲುತ್ತದೆ. ಗಂಡುಗಳು ಡಿಸೆಂಬರ್ ಆರಂಭದಲ್ಲೇ ಬಂದು ದಂಡೆಯ ಒಡೆತನಕ್ಕಾಗಿ ಎದೆಗೆ ಎದೆ ಬಡಿದು ಕಾದಾಡುತ್ತವೆ. ಹೆಣ್ಣುಗಳು ಆ ಬಳಿಕ ಬರುತ್ತವೆ. ಹುಟ್ಟುವಾಗ 35 ಕಿಲೋ ಆಸುಪಾಸಿನಲ್ಲಿರುವ ಮರಿ ನಾಲ್ಕೇ ವಾರಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಬೆಳೆಯುತ್ತದೆ. ಅಷ್ಟೂ ದಿನ ತಾಯಿ ಏನನ್ನೂ ತಿನ್ನದೆ, ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲೂಡಿಸುತ್ತದೆ. ಆಮೇಲೆ ಮರಿಯನ್ನು ದಂಡೆಯಲ್ಲೇ ಬಿಟ್ಟು ಕಡಲಿಗೆ ಮರಳುತ್ತದೆ. ಮರಿಗಳು ತಾವಾಗಿಯೇ ಈಜು ಕಲಿಯಬೇಕು. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಹೋದರೆ ಕಾದಾಟ, ಬಾಣಂತನ ಎರಡನ್ನೂ ಒಂದೇ ದಂಡೆಯಲ್ಲಿ ಕಾಣುವ ಸಾಧ್ಯತೆ ಹೆಚ್ಚು.

ಈ ಪ್ರಾಣಿಯನ್ನು 19ನೇ ಶತಮಾನದಲ್ಲಿ ಎಣ್ಣೆಗಾಗಿ ಎಷ್ಟು ಕೊಂದರೆಂದರೆ, ಕೊನೆಗೆ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದಲ್ಲಿ ಉಳಿದದ್ದು ಹೆಚ್ಚೆಂದರೆ ನೂರು. 1922ರಲ್ಲಿ ಮೆಕ್ಸಿಕೊ ರಕ್ಷಣೆ ಕೊಟ್ಟಿತು. 1955ರಲ್ಲಿ ಆನ್ಯೊ ನ್ವೆವೊ ದ್ವೀಪದಲ್ಲಿ ಅವು ಮತ್ತೆ ಕಾಣಿಸಿಕೊಂಡವು. 1975ರಲ್ಲಿ ದ್ವೀಪದ ಎದುರಿನ ದಂಡೆಯಲ್ಲೇ ಮೊದಲ ಮರಿ ಹುಟ್ಟಿತು. ಬಿಟ್ಟರೆ ಬದುಕಿಕೊಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಸಾಕ್ಷಿ ನನಗೆ ಗೊತ್ತಿಲ್ಲ.

ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಮಾರ್ಗದರ್ಶಕರ ಜೊತೆಗಷ್ಟೇ ಸೀಲ್‌ಗಳಿರುವಲ್ಲಿಗೆ ಪ್ರವೇಶ. ಮೊದಲೇ ಟಿಕೆಟ್ ಕಾದಿರಿಸಬೇಕು. ಹೋಗಿ ಬರಲು ಐದು ಕಿ.ಮೀ.ಯಷ್ಟು ನಡಿಗೆಯಿದ್ದು, ಕೆಲವೆಡೆ ಮರಳಿನ ದಿಬ್ಬಗಳನ್ನು ದಾಟಬೇಕು. ಮಂಡಿನೋವಿನವರಿಗೆ ಇದು ಕಷ್ಟವೇ. ಆದರೆ ನಡೆಯಲಾಗದವರಿಗಾಗಿ ಹಲಗೆ ಹಾಸಿದ ದಾರಿಯ ಪ್ರತ್ಯೇಕ ವ್ಯವಸ್ಥೆಯಿದೆ. ಕಾದಿರಿಸುವಾಗಲೇ ಅದನ್ನು ವಿಚಾರಿಸುವಂತೆ ಅಳಿಯಂದಿರಿಗೆ ಹೇಳಿ. ಮಳೆ ಬಂದರೂ ನಡಿಗೆ ನಿಲ್ಲುವುದಿಲ್ಲ, ಆದರೆ ಛತ್ರಿ ಬಿಚ್ಚುವಂತಿಲ್ಲ, ಏಕೆಂದರೆ ಪ್ರಾಣಿಗಳು ಬೆದರುತ್ತವೆ. ರೇನ್‌ಕೋಟ್ ಒಯ್ಯಿರಿ.

ಯಜಮಾನರೂ ನೀವೂ ನಿಧಾನವಾಗಿ, ಆಯಾಸವಿಲ್ಲದೆ ನೋಡಬಹುದಾದ ಇನ್ನೊಂದು ಜಾಗ ಸಾಂಟಾ ಕ್ರೂಜ್‌ನ ನ್ಯಾಚುರಲ್ ಬ್ರಿಡ್ಜಸ್ ಸ್ಟೇಟ್ ಬೀಚ್. ಅಲ್ಲಿನ ನೀಲಗಿರಿ ತೋಪಿನಲ್ಲಿ ಮೊನಾರ್ಕ್ ಚಿಟ್ಟೆಗಳು ಚಳಿಗಾಲ ಕಳೆಯುತ್ತವೆ. ರೆಕ್ಕೆ ಮಡಿಚಿ ಗೊಂಚಲುಗಟ್ಟಿ ಕುಳಿತಾಗ ಒಣಗಿದ ಎಲೆಗಳೆಂದೇ ತೋರುತ್ತವೆ. ಬಿಸಿಲು ಬಿದ್ದು ಮೈ ಬೆಚ್ಚಗಾದಾಗ ಕಿತ್ತಳೆ ಬಣ್ಣ ತೆರೆದುಕೊಳ್ಳುತ್ತದೆ. ಹಾಗಾಗಿ ಬಿಸಿಲಿರುವ ದಿನ ನಡುಹಗಲಿಗೆ ಹೋಗುವುದು ಒಳ್ಳೆಯದು, ಜನವರಿ ದಾಟುವ ಮೊದಲೇ ಹೋಗಬೇಕು. ನೀಲಗಿರಿ ಅಲ್ಲಿಯೂ ಆಸ್ಟ್ರೇಲಿಯಾದಿಂದ ತಂದ ಮರವೇ. ಕರ್ನಾಟಕದಲ್ಲಿ ಅಂತರ್ಜಲ ಬತ್ತುತ್ತದೆಂಬ ಕಾರಣಕ್ಕೆ 2017ರಲ್ಲಿ ಅದನ್ನು ನೆಡುವುದನ್ನು ಸರ್ಕಾರ ನಿಷೇಧಿಸಿತು. ಅಲ್ಲಿ ಅದೇ ಮರ ಚಿಟ್ಟೆಗಳಿಗೆ ಗಾಳಿಯಿಂದ ಮರೆಯಾಗಿದೆ. ಚಿಟ್ಟೆಗಳ ಸಂಖ್ಯೆ ಮಾತ್ರ ಕಳವಳಕಾರಿಯಾಗಿ ಕುಸಿದಿದೆ: 2020ರ ಚಳಿಗಾಲದಲ್ಲಿ ಇಡೀ ಪಶ್ಚಿಮ ತೀರದಲ್ಲಿ ಎಣಿಕೆಗೆ ಸಿಕ್ಕದ್ದು ಎರಡು ಸಾವಿರಕ್ಕೂ ಕಡಿಮೆ. ಹೋದ ದಿನ ಕೆಲವೇ ಚಿಟ್ಟೆಗಳು ಕಂಡರೆ ಬೇಸರಿಸಬೇಡಿ.

ಪ್ರಶ್ನೆ: ಬಿಗ್ ಬೇಸಿನ್ ಕಾಡು 2020ರಲ್ಲಿ ಸುಟ್ಟುಹೋಯಿತಂತೆ. ಅಲ್ಲಿ ಈಗ ನೋಡಲು ಏನಾದರೂ ಉಳಿದಿದೆಯೇ, ಅಥವಾ ಬೇರೆ ರೆಡ್‌ವುಡ್ (ಬಹಳ ಎತ್ತರಕ್ಕೆ ಬೆಳೆಯುವ ಮರ) ಕಾಡಿಗೆ ಹೋಗುವುದು ಒಳಿತೇ?
— ಓದುಗರು, ಸ್ಯಾನ್ ಹೊಸೆ

ಉತ್ತರ: 1902ರಲ್ಲಿ ಸ್ಥಾಪನೆಯಾದ ಬಿಗ್ ಬೇಸಿನ್ ಕ್ಯಾಲಿಫೋರ್ನಿಯಾದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಅದರ ಶೇ 97ರಷ್ಟು ಪ್ರದೇಶವನ್ನು ವ್ಯಾಪಿಸಿತು. ಕಟ್ಟಡಗಳು ಬೂದಿಯಾದವು. ಆದರೆ ಹಿರಿಯ ರೆಡ್‌ವುಡ್ ಮರಗಳಲ್ಲಿ ಹೆಚ್ಚಿನವು ಬದುಕಿವೆ. ಅವುಗಳ ತೊಗಟೆ ಒಂದು ಅಡಿಯಷ್ಟು ದಪ್ಪವಾಗಿರಬಲ್ಲದು. ಅದರ ಅಡಿಯಲ್ಲಿ ಶತಮಾನಗಳಿಂದ ಸುಪ್ತವಾಗಿದ್ದ ಮೊಗ್ಗುಗಳು ಬೆಂಕಿಯ ನಂತರ ಒಡೆದು, ಕಪ್ಪು ಕಾಂಡದ ಉದ್ದಕ್ಕೂ ಹಸಿರು ಚಿಗುರು ಹೊಮ್ಮಿತು. ಆ ಚಿಗುರಿಗೆ ಮರ ಬಳಸಿದ ಆಹಾರದಲ್ಲಿ ಅರ್ಧ ಶತಮಾನದಷ್ಟು ಹಿಂದೆ ಎಲೆಗಳು ತಯಾರಿಸಿ ಕೂಡಿಟ್ಟದ್ದೂ ಇತ್ತೆಂಬುದು 2023ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ಆದ್ದರಿಂದ ಬಿಗ್ ಬೇಸಿನ್‌ಗೆ ಹೋಗಿ ಎಂದೇ ನನ್ನ ಸಲಹೆ. ತಂಪಾದ ದಟ್ಟ ನೆರಳು ನಿಮಗೆ ಸಿಗದು, ಆದರೆ ಸಾವಿರಾರು ವರ್ಷ ಬಾಳುವ ಮರ ಬೆಂಕಿಯನ್ನು ಹೇಗೆ ಗೆಲ್ಲುತ್ತದೆ ಎಂಬುದು ಮುಂದಿನ ಕೆಲವು ವರ್ಷಗಳಲ್ಲಿ ಮಾತ್ರ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. 2022ರ ಜುಲೈನಲ್ಲಿ ಭಾಗಶಃ ತೆರೆದಿರುವುದರಿಂದ ಹೊರಡುವ ಮುನ್ನ ಯಾವ ದಾರಿಗಳು ತೆರೆದಿವೆ ಎಂದು ನೋಡಿಕೊಳ್ಳಿ. ನೆರಳಿನ ರೆಡ್‌ವುಡ್ ಕಾಡೇ ಬೇಕೆಂದರೆ ಹೆನ್ರಿ ಕವೆಲ್ ಪಾರ್ಕಿನ ಸಮತಟ್ಟಾದ ಸುತ್ತುದಾರಿ ಹಿರಿಯರಿಗೂ ಸುಲಭ. ಮಳೆ ಬಂದು ಹೋದ ಮೇಲೆ ದಾರಿಯ ಮೇಲೆ ಕಣ್ಣಿಟ್ಟು ನಡೆಯಿರಿ: ಗೇಣುದ್ದದ ಹಳದಿ ಬನಾನಾ ಸ್ಲಗ್‌ಗಳು, ಅಂದರೆ ಚಿಪ್ಪಿಲ್ಲದ ಬಸವನಹುಳುಗಳು, ಕಾಲಿಗೆ ಸಿಕ್ಕುವಂತೆ ಹರಿದಾಡುತ್ತಿರುತ್ತವೆ.

ಪ್ರಶ್ನೆ: ರೆಡ್‌ವುಡ್ ಕಾಡಿನ ಪಾರ್ಕೊಂದರಲ್ಲಿ ಮಕ್ಕಳು ಚುರುಮುರಿ ಚೆಲ್ಲಿದರೆಂದು ಅಲ್ಲಿನ ಸಿಬ್ಬಂದಿ ಒಂದೊಂದು ಕಾಳನ್ನೂ ನಮ್ಮಿಂದ ಆರಿಸಿಸಿದರು. ಹಕ್ಕಿಗಳು ತಿಂದುಕೊಳ್ಳುತ್ತಿದ್ದವಲ್ಲ, ಇದು ಅತಿಯಾಯಿತಲ್ಲವೇ?
— ಓದುಗರು, ಫ್ರೀಮಾಂಟ್

ಉತ್ತರ: ಹಕ್ಕಿಗಳು ತಿನ್ನುತ್ತವೆ ಎಂಬುದೇ ಅಲ್ಲಿಯ ತೊಂದರೆ. ಮಾರ್ಬಲ್ಡ್ ಮರ್ರೆಲೆಟ್ ಎಂಬ ಪುಟ್ಟ ಕಡಲಹಕ್ಕಿಯೊಂದಿದೆ. ಹೊಟ್ಟೆಪಾಡು ಪೂರ್ತಿ ಸಮುದ್ರದ ಮೀನು; ಮೊಟ್ಟೆಯಿಡಲು ಮಾತ್ರ ಅದು ದಂಡೆಯಿಂದ ಕಿ.ಮೀ.ಗಟ್ಟಲೆ ಒಳನಾಡಿಗೆ, ಹಳೆಯ ಕಾಡಿಗೆ ಹಾರಿ ಬರುತ್ತದೆ. ಅದು ಎಲ್ಲಿ ಗೂಡು ಮಾಡುತ್ತದೆ ಎಂಬುದು ಪಕ್ಷಿತಜ್ಞರಿಗೆ ಬಹುಕಾಲ ಒಗಟಾಗಿತ್ತು. 1974ರಲ್ಲಿ ಬಿಗ್ ಬೇಸಿನ್‌ನಲ್ಲಿ ಎತ್ತರದ ಮರವೊಂದರ ಕೊಂಬೆ ಸವರಲು ಹತ್ತಿದ ಕೆಲಸಗಾರರಿಗೆ ಅದರ ಮರಿ ಕಾಣಿಸಿತು. ಗೂಡೆಂದರೆ ಕಡ್ಡಿ ನಾರುಗಳ ಕಟ್ಟಡವಲ್ಲ, ಅಗಲ ಕೊಂಬೆಯ ಮೇಲಿನ ಹಾವಸೆಯಲ್ಲಿ ಒಂದು ತಗ್ಗು, ಅಷ್ಟೇ. ಅದರಲ್ಲಿ ಒಂದೇ ಮೊಟ್ಟೆ.

ಸ್ಟೆಲ್ಲರ್ ಜೇ ಎಂಬ ನೀಲಿ ಹಕ್ಕಿ ಮತ್ತು ರೇವನ್ ಎಂಬ ದೊಡ್ಡ ಕಾಗೆ, ಎರಡೂ ಕಾಗೆಯ ಕುಲದವು, ಜನರ ತಿಂಡಿಯ ಚೂರುಗಳಿಗಾಗಿ ಪಿಕ್‌ನಿಕ್ ಜಾಗಗಳ ಸುತ್ತ ಸೇರುತ್ತವೆ, ಸುಲಭದ ಆಹಾರ ಸಿಕ್ಕಷ್ಟೂ ಹೆಚ್ಚುತ್ತವೆ. ಚೂರು ತಿಂದು ಮೇಲೆ ಹಾರಿದಾಗ ಮರ್ರೆಲೆಟ್‌ನ ಆ ಒಂಟಿ ಮೊಟ್ಟೆಯೋ ಮರಿಯೋ ಕಂಡರೆ ಅದನ್ನೂ ತಿನ್ನುತ್ತವೆ. 1992ರಿಂದಲೂ ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ ಅದು. ಸಿಬ್ಬಂದಿಯ ಮಾತಿನ ಧಾಟಿ ನಿಮಗೆ ನೋವು ತಂದಿರಬಹುದು, ಮಕ್ಕಳ ಎದುರಿನಲ್ಲಿ ಹಾಗಾದಾಗ ಮುಜುಗರವಾಗುವುದೂ ಸಹಜ. ಆದರೆ ಅವರು ಹೇಳಿದ ನಿಯಮ ಅಕ್ಷರಶಃ ಸರಿ.

ಮುಂದಿನ ಸಲ ಉದುರುವ ಚುರುಮುರಿ, ಅವಲಕ್ಕಿಯ ಬದಲು ಚಪಾತಿ ಸುರುಳಿ, ಇಡ್ಲಿಯಂಥದ್ದನ್ನು ಒಯ್ಯಿರಿ. ತಿನ್ನುವ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ಡಬ್ಬಿಗಳ ಮುಚ್ಚಳ ಹಾಕಿಯೇ ಇರಲಿ. ತಟ್ಟೆಗಳನ್ನು ಅಲ್ಲಿನ ನಲ್ಲಿಯ ಕೆಳಗೆ ತೊಳೆಯಬೇಡಿ, ಏಕೆಂದರೆ ತೊಳೆದ ಅನ್ನದ ಅಗುಳೂ ಜೇ ಹಕ್ಕಿಗೆ ಕರೆಯೋಲೆಯೇ. ಎಂಜಲು, ಕಸ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಕಾರಿನಲ್ಲೇ ಮನೆಗೆ ತನ್ನಿ.