ಸಿಗರೇಟ್ ಬಿಟ್ಟ ಮೂರನೇ ದಿನ ಯಾಕೆ ಅಷ್ಟು ಕಷ್ಟ?

ಅಷ್ಟೊತ್ತಿಗೆ ಮೈಯಲ್ಲಿದ್ದ ನಿಕೋಟಿನ್ ಹೆಚ್ಚುಕಮ್ಮಿ ಖಾಲಿಯಾಗಿರುತ್ತದೆ, ಮಿದುಳು ಮಾತ್ರ ಇನ್ನೂ ಅದಕ್ಕೇ ಕಾಯುತ್ತಿರುತ್ತದೆ. ಸಿಟ್ಟು, ಚಡಪಡಿಕೆ, ನಿದ್ದೆಗೇಡು ಮೊದಲ 2-3 ದಿನ ಜಾಸ್ತಿ. ಆಮೇಲೆ ಇಳಿಯುತ್ತವೆ, ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ.

ವರ್ಷಗಟ್ಟಲೆ ಸೇದಿದವರ ಮಿದುಳಿನಲ್ಲಿ ನಿಕೋಟಿನ್ ಬಂದು ಕೂರುವ ಜಾಗಗಳೇ ಹೆಚ್ಚಾಗಿರುತ್ತವೆ. ಬಿಟ್ಟ ಕೂಡಲೇ ಅವೆಲ್ಲ ಖಾಲಿ ಹೊಡೆಯುತ್ತವೆ. ಕೆಲವು ವಾರಗಳಲ್ಲಿ ಅವು ತಾವಾಗಿಯೇ ಕಮ್ಮಿಯಾಗುತ್ತವೆ. ಅಲ್ಲಿಯವರೆಗೆ ದಾಟಬೇಕು, ಅಷ್ಟೇ. ಸುಮ್ನೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಸೇದಲೇಬೇಕು ಅನ್ನಿಸುವ ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಟೀ ಅಂಗಡಿ ಮುಂದೆ ಬಲಗೈಯಲ್ಲಿ ಗ್ಲಾಸು ಹಿಡಿದರೆ ಎಡಗೈ ತಾನಾಗಿ ಜೇಬಿಗೆ ಹೋಗುತ್ತದೆ, ಅಲ್ವಾ? ಮೊದಲ ವಾರ ಆ ಅಂಗಡಿಯನ್ನೇ ಬಿಡಿ. ಮನೆಯಲ್ಲಿ ಕುಡಿಯಿರಿ, ಅದೂ ಕಮ್ಮಿ. ಸಿಗರೇಟ್ ಹೊಗೆ ಟೀ-ಕಾಫಿಯಲ್ಲಿರುವ ಕೆಫೀನನ್ನು ಮೈಯಿಂದ ಬೇಗ ಹೊರಹಾಕಿಸುತ್ತದೆ. ಹೊಗೆ ನಿಂತ ಮೇಲೆ ಅದೇ ಎರಡು ಲೋಟ ಕಾಫಿ ಹೆಚ್ಚು ಹೊತ್ತು ಉಳಿದು ಎದೆ ಡವಡವ ಅನ್ನಿಸಬಹುದು. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ತಡೆಯಲಾಗದಿದ್ದರೆ ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಬಬಲ್ ಗಮ್ ಥರ ಅಗಿಯುತ್ತಲೇ ಇರಬಾರದು. ನಿಧಾನಕ್ಕೆ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆಯ ಸಂದಿಯಲ್ಲಿಡಿ. ಖಾರ ಇಳಿದ ಮೇಲೆ ಮತ್ತೆ ಅಗಿಯಿರಿ. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಿ. ಮಾತಾಡಲು ಒಬ್ಬರು ಬೇಕು ಅನ್ನಿಸಿದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಗೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.