ಟ್ರಾಮ್ ಹಳಿ ಹಾಕೋಕೆ ಮೊದಲು ವರ್ಷಗಟ್ಟಲೆ ರಸ್ತೆ ಅಗೆಯುವುದು ಯಾಕೆ?

ಆ ಅಗೆತ ಬಹುಪಾಲು ಹಳಿಗಾಗಿ ಅಲ್ಲ. ರಸ್ತೆಯಡಿ ಇರುವ ನೀರು, ಗ್ಯಾಸ್, ಒಳಚರಂಡಿ ಪೈಪು ಮತ್ತು ಕೇಬಲ್‌ಗಳನ್ನು ಪಕ್ಕಕ್ಕೆ ಸರಿಸುವುದಕ್ಕೆ.

ಊರೊಳಗಿನ ಟ್ರಾಮ್ ಹಳಿ ರೈಲಿನ ಹಳಿಯಂತೆ ಜಲ್ಲಿ ಮೇಲೆ ಕೂರುವುದು ಕಡಿಮೆ. ಸಾಮಾನ್ಯವಾಗಿ ದಪ್ಪ ಕಾಂಕ್ರೀಟಿನಲ್ಲಿ ಹೂತಿದ್ದು, ರಸ್ತೆ ಮಟ್ಟಕ್ಕೇ ಇರುತ್ತದೆ. ನಾಳೆ ಅದರಡಿ ಒಂದು ನೀರಿನ ಪೈಪು ಒಡೆದರೆ ಕಾಂಕ್ರೀಟ್ ಒಡೆಯಬೇಕು, ರಿಪೇರಿ ಮುಗಿಯುವ ತನಕ ಅಲ್ಲಿ ಟ್ರಾಮ್ ಓಡಿಸುವಂತಿಲ್ಲ, ಬಸ್ಸಿನ ಹಾಗೆ ಪಕ್ಕದ ಬೀದಿಯಲ್ಲಿ ಸುತ್ತಿ ಹೋಗೋಕೂ ಆಗಲ್ಲ ಅಲ್ವಾ? ಅದಕ್ಕೇ ಮೊದಲೇ ಸರಿಸುತ್ತಾರೆ.

ಕಷ್ಟ ಇರುವುದು ಇಲ್ಲೇ. ಹಳೇ ಊರಿನ ನೆಲದಡಿ ಏನೇನಿದೆ ಅಂತ ಯಾವ ನಕ್ಷೆಯೂ ಪೂರ್ತಿ ಹೇಳುವುದಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2011ಕ್ಕೆ ಓಡಬೇಕಿದ್ದ ಟ್ರಾಮ್ ಓಡಿದ್ದು 2014ರ ಮೇ 31ಕ್ಕೆ. ಗುತ್ತಿಗೆದಾರರ ಜತೆಗಿನ ಜಗಳ ಒಂದು ಕಾರಣ, ನಿರೀಕ್ಷೆಗಿಂತ ಜಾಸ್ತಿ ಸಿಕ್ಕ ಪೈಪು, ಕೇಬಲ್‌ಗಳು ಇನ್ನೊಂದು. ಲೀತ್ ಭಾಗದ ಕಾನ್‌ಸ್ಟಿಟ್ಯೂಷನ್ ಸ್ಟ್ರೀಟ್‌ನಲ್ಲಂತೂ ಹಳೇ ಚರ್ಚಿನ ಸ್ಮಶಾನವೇ ರಸ್ತೆಯಡಿ ಚಾಚಿಕೊಂಡಿತ್ತು. ನೂರಾರು ಜನರ ಅಸ್ಥಿಗಳನ್ನು ಪುರಾತತ್ವ ತಜ್ಞರು ಜೋಪಾನವಾಗಿ ಹೊರತೆಗೆಯಬೇಕಾಯಿತು. ಆ ರಸ್ತೆಯಲ್ಲಿ ಟ್ರಾಮ್ ಓಡಿದ್ದು 2023ರ ಜೂನ್‌ನಲ್ಲಿ.

ನಿಮ್ಮೂರಲ್ಲಿ ಇಂಥ ಕೆಲಸ ನಡೆಯುತ್ತಿದ್ದರೆ ಗುಂಡಿಯೊಳಗೆ ಸ್ವಲ್ಪ ಇಣುಕಿ ನೋಡಿ. ಹೊಸ ಪೈಪುಗಳು ರಸ್ತೆಯ ಅಂಚಿಗೆ ಹೋಗುತ್ತಿದ್ದರೆ ಹಳಿಯ ಜಾಗ ಖಾಲಿಯಾಗುತ್ತಿದೆ ಅಂತ ಅರ್ಥ.