ಮನೆಯಲ್ಲೇ ಮಕ್ಕಳಿಗೆ ಕಲಿಸುವ ಅಪ್ಪ-ಅಮ್ಮನ ದಿನ ಹಗುರಾಗಲು ಯಾವ ರೂಢಿಗಳು ಬೇಕು?

ನಿಮ್ಮ ಪ್ರಶ್ನೆ ಹೀಗಿದೆ: ವಿರಾಜಪೇಟೆ ಕಡೆ ಕಾಫಿ ತೋಟದಲ್ಲಿ ಮನೆ, 7 ಮತ್ತು 11 ವರ್ಷದ ಇಬ್ಬರು ಮಕ್ಕಳು, ಹೋಮ್‌ಸ್ಕೂಲಿಂಗ್ ಶುರು ಮಾಡಿ ಕೆಲವು ತಿಂಗಳಾಗಿದೆ, ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗಿಂತ ನಿಮಗೇ ಹೆಚ್ಚು ಸುಸ್ತು.

ಪಾಠ ಹೇಳಿದ್ದಕ್ಕೆ ಯಾರೂ ಅಷ್ಟು ಸುಸ್ತಾಗುವುದಿಲ್ಲ. "ಈಗ ಇವನಿಗೆ ಏನು ಕೊಡಲಿ, ಅವಳಿಗೆ ಏನು ಕೊಡಲಿ" ಎಂದು ಬೆಳಿಗ್ಗೆಯಿಂದ ಮತ್ತೆ ಮತ್ತೆ ಯೋಚಿಸಬೇಕಲ್ಲ, ಹಿಂಡುವುದು ಅದು. ಆದ್ದರಿಂದ ಮೊದಲು ಹಿಡಿಯಬೇಕಾದ್ದು ಬೆಳಿಗ್ಗೆಯನ್ನಲ್ಲ, ಹಿಂದಿನ ರಾತ್ರಿಯನ್ನು.

ಊಟ ಆದಮೇಲೆ ಹತ್ತು ನಿಮಿಷ ಸಾಕು. ಒಬ್ಬೊಬ್ಬರಿಗೆ ಒಂದು ಬುಟ್ಟಿ ಇಡಿ. ಮರುದಿನದ ಪುಸ್ತಕಗಳನ್ನು ಮಾಡುವ ಕ್ರಮದಲ್ಲೇ ಜೋಡಿಸಿ, ಪುಟಕ್ಕೆ ಚೀಟಿ ಸಿಕ್ಕಿಸಿ, ಎರಡು ಪೆನ್ಸಿಲ್ ಹೆರೆದು ಹಾಕಿ. ಎರಡು ಯಾಕೆಂದರೆ, ಮೊನೆ ಮುರಿದ ಕೂಡಲೇ ಮಗು ಎದ್ದು ಹೋಗುತ್ತದೆ, ಎದ್ದ ಮಗು ಐದು ನಿಮಿಷಕ್ಕೆ ಮೊದಲು ವಾಪಸ್ ಬರುವುದಿಲ್ಲ. ವಿಡಿಯೋ ತೋರಿಸುವುದಿದ್ದರೆ ರಾತ್ರಿಯೇ ಡೌನ್‌ಲೋಡ್ ಮಾಡಿ ಫೋನ್ ಚಾರ್ಜಿಗೆ ಹಾಕಿ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಬೆಳಿಗ್ಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುತ್ತವೆ ಎಂದು ನಂಬಿ ಕೂರಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಎರಡೂ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಮೇ ತಿಂಗಳಲ್ಲೇ ಇಡೀ ವರ್ಷದ್ದನ್ನು ಇಳಿಸಿಟ್ಟು, ಬೇಕಾದ ಅಧ್ಯಾಯಗಳನ್ನು ಪ್ರಿಂಟ್ ತೆಗೆಸಿಬಿಡಿ.

ಬೆಳಿಗ್ಗೆ ಶುರು ಮಾಡಲು ಒಂದು ಗುರುತು ಬೇಕು. "ಬನ್ನಿ ಪಾಠಕ್ಕೆ" ಎಂದು ಕೂಗಿದರೆ ಅದರ ಮೇಲೊಂದು ಚೌಕಾಸಿ ಶುರುವಾಗುತ್ತದೆ. ಕೊಡಗಿನ ತೋಟದ ಮನೆಗೆ ನಾನು ಹೇಳುವ ಗುರುತು ಮಳೆ ಮಾಪಕ. ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನ ಬದಲಾಗುವುದು ಬೆಳಿಗ್ಗೆ 8:30ಕ್ಕೆ. ನೀವೂ ಅದೇ ಹೊತ್ತಿಗೆ ಅಳೆಯಿರಿ, ಅಳೆದು ಒಳಗೆ ಬಂದರೆ ಪಾಠ ಶುರು.

ಮಾಪಕಕ್ಕೆ ನೇರ ಮೈಯ 2 ಲೀಟರ್ ಪ್ಲಾಸ್ಟಿಕ್ ಬಾಟಲಿ ಸಾಕು, ಸೊಂಟದಲ್ಲಿ ಸಣ್ಣಗಾದದ್ದು ಬೇಡ. ಭುಜ ಮುಗಿದು ಮೈ ನೇರವಾಗುವಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಕೂರಿಸಿ. ಆಲಿಕೆಯ ಬಾಯಿಯೂ ಬಾಟಲಿಯ ಮೈಯೂ ಒಂದೇ ಅಗಲ ಇರುವುದರಿಂದ ನೀರಿನ ಎತ್ತರವೇ ಮಳೆಯ ಅಳತೆ. ಅಂಗಡಿಯ ದೊಡ್ಡ ಆಲಿಕೆ ಇಟ್ಟರೆ ಕೆಡುತ್ತದೆ: ಅಗಲ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು ಏರುತ್ತದೆ. (ಏಕೆ ನಾಲ್ಕು ಎಂಬುದು 11 ವರ್ಷದ ಮಗುವಿಗೆ ಒಂದು ದಿನದ ಗಣಿತ.) ತಳ ಉಬ್ಬುತಗ್ಗು ಇರುವುದರಿಂದ ನೇರ ಭಾಗ ಶುರುವಾಗುವವರೆಗೆ ಬೆಣಚುಕಲ್ಲು, ನೀರು ತುಂಬಿಸಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಪ್ರತಿ ಸಲ ಸೊನ್ನೆ ಗೆರೆಯವರೆಗೆ ಮಾತ್ರ ಖಾಲಿ ಮಾಡಿ. ಸಿಲ್ವರ್ ಓಕ್ ಕೆಳಗೋ ಹಂಚಿನ ಸೂರಿನ ಪಕ್ಕವೋ ಇಟ್ಟರೆ ಅದು ಮರದ ನೀರು, ಮಳೆಯದಲ್ಲ. ಮರವಾಗಲಿ ಮನೆಯಾಗಲಿ, ಅದರ ಎತ್ತರದ ಎರಡು ಪಟ್ಟು ದೂರದಲ್ಲಿರಲಿ. ಜುಲೈ-ಆಗಸ್ಟ್‌ನಲ್ಲಿ ಒಂದೇ ರಾತ್ರಿಗೆ ತುಂಬಿ ಹರಿಯುವುದೂ ಉಂಟು, ಆಗ ಸಂಜೆ 6ಕ್ಕೂ ಅಳೆದು ಎರಡನ್ನೂ ಕೂಡಿಸಿ.

ಚಿಕ್ಕವರು ಪಟ್ಟಿ ಓದಿ ದಿನಾಂಕದ ಮುಂದೆ ಅಂಕಿ ಬರೆಯಲಿ. ದೊಡ್ಡವರು ತೋಟದವರ ಲೆಕ್ಕಕ್ಕೆ ಇಳಿಸಲಿ: 1 ಇಂಚು ಎಂದರೆ 100 ಸೆಂಟು, 25.4 ಮಿ.ಮೀ. 62 ಮಿ.ಮೀ. ಬಿದ್ದಿದ್ದರೆ 2 ಇಂಚು 44 ಸೆಂಟು. ದಶಮಾಂಶ ಭಾಗಾಕಾರಕ್ಕೆ ಬೇರೆ ಅಭ್ಯಾಸ ಪುಸ್ತಕವೇ ಬೇಡ. ಪಕ್ಕದ ತೋಟದವರು ಎಷ್ಟು ಸೆಂಟು ಎಂದು ಕೇಳಿದಾಗ ಉತ್ತರ ಮಕ್ಕಳ ಬಾಯಲ್ಲೇ ಇರುತ್ತದೆ. ಮಳೆ ಇಲ್ಲದ ತಿಂಗಳಲ್ಲೂ 8:30ಕ್ಕೆ ಹೋಗಿ ಸೊನ್ನೆ ಬರೆಯಬೇಕು, ಇಲ್ಲವಾದರೆ ಮಾರ್ಚ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಬರುವಷ್ಟರಲ್ಲಿ ರೂಢಿ ತಪ್ಪಿರುತ್ತದೆ.

ಇಬ್ಬರಿಗೂ ಹೊಸ ಪಾಠ ಒಂದೇ ಹೊತ್ತಿಗೆ ಬೇಡ. ಒಬ್ಬರಿಗೆ ನೀವು ಹೇಳಿಕೊಡುವಾಗ ಇನ್ನೊಬ್ಬರ ಕೈಯಲ್ಲಿ ಗೊತ್ತಿರುವ ಕೆಲಸವೇ ಇರಬೇಕು: ನಿನ್ನೆಯ ಲೆಕ್ಕ ಐದು, ಕಳೆದ ವಾರದ್ದು ಐದು, ಅಥವಾ ನಕಲು ಬರಹ, ನಕ್ಷೆಗೆ ಬಣ್ಣ. 7 ವರ್ಷದ ಮಗುವಿಗೆ ಒಂದು ಪಾಠಕ್ಕೆ 15-20 ನಿಮಿಷ, 11ಕ್ಕೆ 25-30. ದಿನಕ್ಕೆ ಚಿಕ್ಕವರಿಗೆ ಒಟ್ಟು ಎರಡು ಗಂಟೆ, ದೊಡ್ಡವರಿಗೆ ಮೂರು. ಶಾಲೆಯ ಆರು ಗಂಟೆಯನ್ನು ಮನೆಯಲ್ಲಿ ನಕಲು ಮಾಡುವವರು ಎರಡನೇ ತಿಂಗಳಿಗೇ ಕೈಚೆಲ್ಲುತ್ತಾರೆ. ಶಾಲೆಯಲ್ಲಿ ಹಾಜರಿ, ಪ್ರಾರ್ಥನೆ, ಸಾಲು ಇವಕ್ಕೆಲ್ಲ ಹೊತ್ತು ಹೋಗುತ್ತದೆ, ನಿಮಗೆ ಅದಿಲ್ಲ. ಬೇಡದ ವಿಷಯ ಮೊದಲು ಮುಗಿಯಲಿ, ಇಷ್ಟದ್ದು ಕೊನೆಗೆ.

ಚಿಕ್ಕವರ ಕನ್ನಡ ಓದಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೊಡವ ತಕ್ಕ್ ಅಥವಾ ಅರೆಭಾಷೆ ಮಾತಾಡುವ ಮನೆಗಳಲ್ಲಿ ಎಡವುವುದು ಇಲ್ಲೇ. ಅ ಆ ಇ ಈ ಎಂದು ಇಡೀ ವರ್ಣಮಾಲೆ ಬಾಯಿಪಾಠವಾಗುವವರೆಗೆ ಕಾಯಬೇಡಿ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ಸೇರಿಸಿದರೆ ತಕ್ಷಣ ಪದ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಒಂದೊಂದು ಅಕ್ಷರಕ್ಕೆ ಎರಡರಂತೆ ಹತ್ತು ಚೀಟಿ ಮಾಡಿ. ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ ಎಲ್ಲವೂ ಆ ಹತ್ತರಲ್ಲೇ ಆಗುತ್ತವೆ. ಅರ್ಥವನ್ನು ಮನೆಮಾತಿನಲ್ಲೇ ಹೇಳಿ, ಅದರಿಂದ ಕನ್ನಡಕ್ಕೆ ಏನೂ ನಷ್ಟವಿಲ್ಲ. ದಿನಕ್ಕೆ ಹತ್ತು ನಿಮಿಷ ಇದೇ ಆಟ, ಎಲ್ಲ ಪದ ತಡೆಯದೆ ಬಂದಮೇಲೆ ಮುಂದಿನ ಗುಂಪು. ಮುಂದೆ ಮಗು 'ಸೂರ್ಯ'ದಲ್ಲಿ ಖಂಡಿತ ನಿಲ್ಲುತ್ತದೆ: ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಉಚ್ಚಾರ ಮೊದಲು. ಅದನ್ನು ಉಳಿದ ಒತ್ತಕ್ಷರಗಳ ಜೊತೆ ಕಲಿಸಬೇಡಿ, ಎಲ್ಲ ಮುಗಿದಮೇಲೆ ಒಂದು ವಾರ ಅದಕ್ಕೇ ಬಿಡಿ.

ತಿದ್ದುವುದನ್ನು ಸಂಜೆಗೆ ಉಳಿಸಬೇಡಿ. ಪುಸ್ತಕ ರಾಶಿ ಬಿದ್ದರೆ ನಿಮಗೆ ಇನ್ನೊಂದು ಕೆಲಸ, ಮಗುವಿಗೋ ಬೆಳಿಗ್ಗೆ ಮಾಡಿದ ತಪ್ಪು ರಾತ್ರಿಗೆ ನೆನಪೇ ಇರುವುದಿಲ್ಲ. ಪಕ್ಕದಲ್ಲಿ ಕೂತಾಗಲೇ ತಿದ್ದಿ. ಮುಗಿದ ಕೂಡಲೇ ಒಂದು ನೋಟ್‌ಬುಕ್‌ನಲ್ಲಿ ಒಬ್ಬೊಬ್ಬರಿಗೆ ಒಂದೇ ಸಾಲು: ದಿನಾಂಕ, ಮಾಡಿದ್ದು, ಎಲ್ಲಿ ತಡವರಿಸಿತು, ನಾಳೆಯ ಪುಟ. ರಾತ್ರಿ ಬುಟ್ಟಿ ಜೋಡಿಸುವಾಗ ನೋಡುವುದು ಇದೊಂದನ್ನೇ. ನಾಳೆ ಶಾಲೆಗೆ ಸೇರಿಸಬೇಕೆನಿಸಿದರೂ ಮಗು ಎಲ್ಲಿದೆ ಎಂದು ಹೇಳಲು ಇದೇ ಆಧಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು.

ಮಳೆಗಾಲದ ಥಂಡಿಗೆ ಜೆಲ್ ಪೆನ್ ಹರಡುತ್ತದೆ, ಪೆನ್ಸಿಲ್ ಅಥವಾ ಬಾಲ್ ಪೆನ್ ಕೊಡಿ. ಅಕ್ಷರದ ಚೀಟಿಗಳಿಗೆ ಎರಡೂ ಬದಿ ಸೆಲ್ಲೋಟೇಪ್ ಹಚ್ಚಿ. ಬಟ್ಟೆ ಕಪಾಟಿನಲ್ಲಿ ಬಲ್ಬ್ ಉರಿಸುವ ಮನೆಯಾದರೆ ಪುಸ್ತಕಕ್ಕೂ ಒಂದು ಅಂತಸ್ತು ಬಿಟ್ಟುಕೊಡಿ, ಬಲ್ಬಿಗೆ ತಾಗದಂತೆ. ಮೇಜು ಕಿಟಕಿ ಪಕ್ಕ ಇರಲಿ, ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ.

ವರ್ಷದ ರಜೆಯನ್ನು ಶಾಲೆಯವರ ಹಾಗೆ ಏಪ್ರಿಲ್-ಮೇಗೆ ಇಡಬೇಕಾಗಿಲ್ಲ. ಅರೇಬಿಕಾ ಕುಯ್ಲು ನವೆಂಬರ್‌ನಿಂದ, ರೋಬಸ್ಟಾ ಮಾರ್ಚ್‌ವರೆಗೂ. ಆ ತಿಂಗಳುಗಳಲ್ಲಿ ಕಣ, ತೂಕ, ಬಟವಾಡೆ ಎಂದು ನಿಮ್ಮ ತಲೆ ಬೇರೆಲ್ಲೋ ಇರುತ್ತದೆ, ಪೂರ್ತಿ ಪಾಠ ಇಟ್ಟುಕೊಂಡರೆ ಜಗಳ ಖಾತ್ರಿ. ಆಗ ದಿನಕ್ಕೆ ಮುಕ್ಕಾಲು ಗಂಟೆ ಓದು, ಲೆಕ್ಕ ಮಾತ್ರ. ಜೊತೆಗೆ ಒಂದು ಕಿಲೋ ಹಣ್ಣನ್ನು ಬೇರೆಯಾಗಿ ಒಣಹಾಕಿಸಿ, ದಿನಾ ತೂಗಿಸಿ, ಅಲ್ಲಾಡಿಸಿದರೆ ಗಲಗಲ ಸದ್ದು ಬರುವವರೆಗೆ ಗ್ರಾಫ್ ಹಾಕಿಸಿ. ಭಾರಿ ಪಾಠಗಳೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ಗೆ, ಹೇಗೂ ಯಾರೂ ಹೊರಗೆ ಹೋಗುವಂತಿರುವುದಿಲ್ಲ.

ದೊಡ್ಡವರಿಗೆ ಮುಂದೆ ಎನ್‌ಐಒಎಸ್ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ 10ನೇ ತರಗತಿ ಬರೆಸುವ ಯೋಚನೆ ಇದ್ದರೆ, 14 ವರ್ಷ ತುಂಬಿರಬೇಕು, ಅಂದರೆ ನಿಮಗೆ ಇನ್ನೂ ಮೂರು ವರ್ಷ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ತೋಟದ ಮನೆಗೆ ಎರಡನೆಯದೇ ಅನುಕೂಲ: ತಯಾರಿಯ ತಿಂಗಳುಗಳು ಮಳೆಗಾಲಕ್ಕೆ ಬೀಳುತ್ತವೆ, ಏಪ್ರಿಲ್‌ನದಾದರೆ ನೇರ ಕುಯ್ಲಿಗೆ. ನೋಂದಣಿ ಮಾತ್ರ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿಯುತ್ತದೆ, ಆ ವರ್ಷದ ಕೊನೇ ದಿನಾಂಕವನ್ನು ಅವರ ವೆಬ್‌ಸೈಟಿನಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.